ದಿಂಬಿಗೆ ಬಿಸಿಲು

ಹಿಡಿ ತಿರುಗಲಿಲ್ಲ. ಸಲಿಂಗ್ ಇನ್ನೊಂದು ಸಲ ತಿರುಗಿಸಿ ನೋಡಿದಳು, ಎಡಕ್ಕೆ, ಬಲಕ್ಕೆ, ಕೊನೆಗೆ ಎರಡೂ ಕೈಯಲ್ಲಿ ಹಿಡಿದು. ಹಿತ್ತಿಲ ಬಾಗಿಲನ್ನು ಈಗಷ್ಟೇ ಅವಳೇ ಎಳೆದು ಹಾಕಿದ್ದಳು. ಬಾಗಿಲು ಅರೆಗಳಿಗೆ ತೆರೆದಿದ್ದರೂ ಮನೆಯೊಳಗಿನ ಬಿಸುಪೆಲ್ಲ ಬೀದಿಪಾಲಾಗುತ್ತದೆ ಎಂದು ಮಗಳು ಜೊವೆಲಿನ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದರಿಂದ, ಹೊರಗೆ ಕಾಲಿಟ್ಟ ಕೂಡಲೇ ಬಾಗಿಲೆಳೆಯುವುದು ಅವಳ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಆದರೆ ಇಷ್ಟು ದಿನ ಅವಳು ಹೊರಗೆ ಬರುವಾಗ ಹಿಂದೆ ಮುಂದೆ ಯಾರಾದರೂ ಇರುತ್ತಿದ್ದರು. ಹಿಡಿಯ ನಡುವಿನ, ಬೀಗ ಬೀಳಿಸುವ ಪುಟ್ಟ ಗುಂಡಿಯನ್ನು ಯಾರು ಒತ್ತುತ್ತಾರೆ, ಯಾವಾಗ ಬಿಡಿಸುತ್ತಾರೆ ಎಂಬುದನ್ನು ಅವಳು ಗಮನಿಸಿರಲೇ ಇಲ್ಲ.

ಬಾಗಿಲಿನ ಮೇಲರ್ಧಕ್ಕೆ ಗಾಜು. ಒಳಗೆ ಅಡುಗೆಮನೆ ತನ್ನ ಪಾಡಿಗೆ ತಾನಿತ್ತು. ಒಲೆಯ ಸುರುಳಿ ಕೆಂಪಗೆ ಕಾದಿತ್ತು. ಅದರ ಮೇಲೆ ಶುಂಠಿ ಹಾಕಿದ ಅಕ್ಕಿಗಂಜಿ ಕುದಿಯುತ್ತ ಮುಚ್ಚಳವನ್ನು ಸಣ್ಣಗೆ ಕುಣಿಸುತ್ತಿತ್ತು. ಮೇಜಿನ ಮೇಲೆ ಅವಳ ಫೋನು. ಅದರಾಚೆ ನಡುಮನೆ, ನಡುಮನೆಯಾಚೆ ಅರ್ಧ ತೆರೆದ ಕೋಣೆಯ ಬಾಗಿಲು. ಆ ಕೋಣೆಯಲ್ಲಿ ಒಂಬತ್ತು ತಿಂಗಳ ಮೊಮ್ಮಗ ಯಾನ್‌ಯಾನ್ ಮಲಗಿದ್ದ. ಹಲ್ಲು ಬರುವ ಕಾಟಕ್ಕೆ ರಾತ್ರಿಯೆಲ್ಲ ಅತ್ತು ಈಗಷ್ಟೇ ಕಣ್ಣು ಮುಚ್ಚಿದ್ದ.

ಸಲಿಂಗ್‌ಳ ಕಂಕುಳಲ್ಲಿ ಅವನ ದಿಂಬಿತ್ತು. ಅದಕ್ಕಾಗಿಯೇ ಅವಳು ಹೊರಗೆ ಬಂದದ್ದು.

ದಿಂಬನ್ನು ಅವಳು ಫಿಲಿಪ್ಪೀನ್ಸಿನ ತನ್ನ ಊರು ಮಾವುಬಾನ್‌ನಿಂದ ತಂದಿದ್ದಳು. ಮನೆಯ ಮುಂದಿನ ಬೂರುಗದ ಮರದ ಹತ್ತಿ ಬಿಡಿಸಿ, ಬೀಜ ತೆಗೆದು, ಬಿಸಿಲಲ್ಲಿ ಅರಳಿಸಿ ತುಂಬಿದ್ದು. ಊರಲ್ಲಿ ಅವಳದು ಬಟ್ಟೆ ಒಗೆಯುವ ಕೆಲಸ. ಬಿಳಿ ಬಟ್ಟೆಗೆ ಸೋಪು ಹಚ್ಚಿ ಹುಲ್ಲಿನ ಮೇಲೆ ಹರವಿಬಿಟ್ಟರೆ ಮಿಕ್ಕ ಕೆಲಸವೆಲ್ಲ ಸೂರ್ಯನದು. ಕೂಸುಗಳೂ ಹಾಗೆಯೇ. ಎಳೆಬಿಸಿಲಲ್ಲಿ ಬರಿಮೈ ಮಾಡಿ ತೊಡೆಯ ಮೇಲೆ ಹಾಕಿಕೊಂಡು ಕೂತರೆ ಮೂಳೆ ಬಲಿಯುತ್ತದೆ, ಎದೆಯ ಕಫ ಕರಗುತ್ತದೆ. ಜೊವೆಲಿನ್ ಬೆಳೆದದ್ದೂ ಹಾಗೆಯೇ. ಅಕ್ಟೋಬರಿನಲ್ಲಿ, ಮಗಳು ನೆಲೆಸಿದ ಚಳಿನಾಡಿನ ಊರು ವಿನಿಪೆಗ್‌ಗೆ ಬಂದಿಳಿದು ಮೊಮ್ಮಗನನ್ನು ಮೊದಲ ಸಲ ಎತ್ತಿಕೊಂಡಾಗ ಸಲಿಂಗ್‌ಗೆ ಅನ್ನಿಸಿದ್ದು ಒಂದೇ: ಈ ಮಗುವಿಗೆ ಬಿಸಿಲು ಸಾಲದು. ಮೂಲಂಗಿಯ ಹಾಗೆ ಬಿಳಿಚಿಕೊಂಡಿದೆ.

ಅಂದಿನಿಂದ ಅವಳು ಕೇಳದ ದಿನವಿಲ್ಲ. "ಸ್ವಲ್ಪ ಹೊತ್ತು ಕಣೇ, ಮೆಟ್ಟಿಲ ಮೇಲೇ ಕೂತಿರ್ತೀನಿ."

"ಅಮ್ಮಾ, ಮೈನಸ್ ಮೂವತ್ತು. ಮಗು ಕಿವಿ ಉದುರಿ ಹೋಗತ್ತೆ."

"ನೋಡೇ ಹೊರಗೆ, ಬಿಸಿಲು ಹೇಗೆ ಸುಡ್ತಾ ಇದೆ."

"ಅದು ಸುಡಲ್ಲಮ್ಮ. ಸುಮ್ನೆ ಬೆಳಗತ್ತೆ ಅಷ್ಟೆ, ಫ್ರಿಜ್ ಒಳಗಿನ ದೀಪದ ಥರ."

ಇವತ್ತು ಬೆಳಿಗ್ಗೆಯೂ ಇದೇ ಮಾತು ಶುರುವಾಗಿ ಬೇರೆ ಕಡೆಗೆ ಹೋಗಿತ್ತು. ವೃದ್ಧಾಶ್ರಮದ ಕೆಲಸಕ್ಕೆ ಹೊರಟ ಜೊವೆಲಿನ್ ಬೂಟಿನೊಳಗೆ ಕಾಲು ತೂರಿಸುತ್ತ, ತಾಯಿಯ ಮುಖ ನೋಡದೆ ಹೇಳಿದ್ದಳು. "ಶಿಶುವಿಹಾರದವರು ಫೋನ್ ಮಾಡಿದ್ರು. ಒಂದು ಜಾಗ ಖಾಲಿ ಆಗಿದೆಯಂತೆ. ಬೇಕೋ ಬೇಡವೋ ಬೇಗ ಹೇಳಿ ಅಂದ್ರು."

"ನಾನಿರೋವಾಗ ಅದು ಯಾತಕ್ಕೆ?"

"ನಿಂಗೆ ಕಷ್ಟ ಆಗ್ಬಾರ್ದು ಅಂತ. ಇಡೀ ದಿನ ಒಬ್ಬಳೇ, ಹೊಸ ಜಾಗ..."

"ನಾನು ಬಂದಿರೋದೇ ಅವನಿಗೋಸ್ಕರ. ಅವನನ್ನೂ ಕಳಿಸಿಬಿಟ್ರೆ ನಾನೇನು ಹಿಮ ಎಣಿಸ್ಕೊಂಡು ಕೂತಿರಲಾ?"

ಜೊವೆಲಿನ್ ನಕ್ಕಿದ್ದಳು. "ಆಯ್ತು ಮಹಾರಾಯ್ತಿ. ಬೇಡ ಅಂತ ಹೇಳಿಬಿಡ್ತೀನಿ. ಆದ್ರೆ ಅವನನ್ನ ಹೊರಗೆ ಮಾತ್ರ ಕರ್ಕೊಂಡು ಹೋಗ್ಬೇಡ. ಮಾತು ಕೊಡು."

ಸಲಿಂಗ್ ಮಾತು ಕೊಟ್ಟಿದ್ದಳು. ಮಾತು ಉಳಿಸಿಕೊಂಡೂ ಇದ್ದಳು. ಆದರೆ ಗಂಜಿಗೆ ಅಕ್ಕಿ ತೊಳೆಯುತ್ತ ಕಿಟಕಿಯಾಚೆ ನೋಡಿದರೆ ಆಕಾಶದಲ್ಲಿ ಒಂದಲ್ಲ, ಮೂರು ಸೂರ್ಯ. ನಡುವೆ ದೊಡ್ಡದು, ಅದರ ಎರಡೂ ಕಡೆ ಕಾಮನಬಿಲ್ಲಿನ ಚೂರಿನಂಥ ಇನ್ನೆರಡು. ಹಿತ್ತಿಲ ಹಿಮವೆಲ್ಲ ಹುಲ್ಲಿನ ಮೇಲೆ ಹರವಿದ ಬಿಳಿ ಬಟ್ಟೆಯಂತೆ ಕಣ್ಣು ಕುಕ್ಕುತ್ತಿತ್ತು. ಅವಳು ಕೈಬೆರಳಿನಿಂದ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಮೂರು ಸೂರ್ಯ ಹುಟ್ಟಿದ ದಿನವೂ ಬಿಸಿಯಾಗದಿದ್ದರೆ ಇನ್ಯಾವತ್ತು? ಮಗುವನ್ನು ಬಿಸಿಲಿಗೆ ಕರೆದೊಯ್ಯುವ ಹಾಗಿಲ್ಲ, ಸರಿ. ಬಿಸಿಲನ್ನು ಮಗುವಿನ ಹತ್ತಿರ ತರಬಹುದಲ್ಲ. ಒಂದು ಗಳಿಗೆ ಮೆಟ್ಟಿಲ ಕಂಬಿಗೆ ದಿಂಬು ಸಿಕ್ಕಿಸಿ ಬಂದರೆ ಹತ್ತಿಯೊಳಗೆ ಬಿಸಿಲಿನ ವಾಸನೆ ಕೂರುತ್ತದೆ. ರಾತ್ರಿ ಅವನು ಅದರಲ್ಲಿ ಮುಖವಿಟ್ಟು ಮಲಗುತ್ತಾನೆ.

ಹಾಗೆ ಬಂದವಳು ಮನೆಯಲ್ಲುಡುವ ತೆಳು ನಿಲುವಂಗಿಯಲ್ಲಿದ್ದಳು. ಅದರ ಮೇಲೆ ಅಳಿಯ ಆರ್ನೆಲ್‌ನ ಸ್ವೆಟರು, ಕಾಲಿಗೆ ಕಾಲುಚೀಲ, ಹವಾಯಿ ಚಪ್ಪಲಿ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡಿದ್ದಳು. ಅದೂ ಬಿಸಿಲಲ್ಲಿ ಒಣಗಲಿ ಎಂದು ಕೂದಲು ಬಿಚ್ಚಿಬಿಟ್ಟಿದ್ದಳು.

ದಿಂಬನ್ನು ಕಂಬಿಗೆ ಸಿಕ್ಕಿಸಿ ಅವಳು ಗಾಜನ್ನು ತಟ್ಟಿದಳು. ತಟ್ಟಿ, ಯಾರು ಬಂದು ತೆಗೆಯಬೇಕು ಎಂದು ಹೊಳೆದು ಕೈ ಕೆಳಗಿಳಿಸಿದಳು. ಉಸಿರೆಳೆದುಕೊಂಡರೆ ಮೂಗಿನೊಳಗಿನ ಕೂದಲು ಮುಳ್ಳಾಗಿ ಚುಚ್ಚಿತು. ಮುಂಬಾಗಿಲು ತೆರೆದಿರಬಹುದು. ಇರುವುದಿಲ್ಲವೆಂದು ಗೊತ್ತಿದ್ದೂ ಅವಳು ಮನೆಯನ್ನು ಬಳಸಿಕೊಂಡು ಮೊಣಕಾಲವರೆಗಿನ ಹಿಮದಲ್ಲಿ ಮುಂದಕ್ಕೆ ಹೋದಳು. ಹಿಮ ಮರಳಿನಂತೆ ಒಣಗಿತ್ತು, ಕಾಲುಚೀಲದೊಳಕ್ಕೆ ಸುರಿಯಿತು. ಮುಂಬಾಗಿಲಿಗೆ ಬೀಗ. ಬೆಳಿಗ್ಗೆ ಜೊವೆಲಿನ್ ಹೋಗುತ್ತ, ಅಮ್ಮ ಒಬ್ಬಳೇ ಇರುತ್ತಾಳೆಂದು, ಹೊರಗಿನಿಂದ ಎರಡು ಸಲ ತಿರುಗಿಸಿ ಹೋಗಿದ್ದಳು.

ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಪ್ರತಿ ಮನೆಯ ಚಿಮಣಿಯಿಂದಲೂ ಬಿಳಿ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಒಳಗೆ ಜನ ಇದ್ದಾರೆ, ಬೆಚ್ಚಗಿದ್ದಾರೆ.

ಮಾವುಬಾನ್‌ನಲ್ಲಿ ಯಾರೂ ಯಾರ ಬಾಗಿಲನ್ನೂ ಬಡಿಯುವುದಿಲ್ಲ. ಬಡಿಯುವವರು ಪೊಲೀಸಿನವರು, ಇಲ್ಲ ಕುಡಿದವರು. ಮರ್ಯಾದಸ್ಥರು ಬೇಲಿಯ ಹೊರಗೆ ನಿಂತು ದನಿ ಎತ್ತುತ್ತಾರೆ: "ತಾವೊ ಪೋ!" ಇಲ್ಲೊಂದು ಮನುಷ್ಯಜೀವ ಬಂದು ನಿಂತಿದೆ ಸ್ವಾಮಿ, ಎಂದು ಅದರ ಅರ್ಥ. ಕರೆದ ದನಿ ಕಿಟಕಿಯಿಂದ ಒಳಗೆ ಹೋಗುತ್ತದೆ, "ಬನ್ನಿ ಬನ್ನಿ" ಎನ್ನುವ ದನಿ ಅದೇ ಕಿಟಕಿಯಿಂದ ಹೊರಗೆ ಬರುತ್ತದೆ.

ಸಲಿಂಗ್ ಎಡಗಡೆಯ ಮನೆಯ ಮುಂದೆ ನಿಂತಳು. ಬೇಲಿ ಇರಲಿಲ್ಲ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹಿಮ ಸರಿಸಿದ ಕಾಲುದಾರಿಯ ತುದಿಯಲ್ಲಿ ನಿಂತಳು.

"ತಾವೊ ಪೋ!"

ದನಿ ಬಾಯಿಂದ ಹೊಗೆಯಾಗಿ ಬಂತು, ಅಲ್ಲೇ ಎದುರಿಗೆ ತೇಲಿ ಕರಗಿತು. ಅವಳು ಇನ್ನೂ ಜೋರಾಗಿ ಕರೆದಳು. ಹೊಳೆಯಾಚೆಯ ದಡಕ್ಕೆ ಕೇಳುವಷ್ಟು ಜೋರಾಗಿ ಕರೆದು ಅಭ್ಯಾಸವಿದ್ದ ಗಂಟಲು ಅವಳದು. ಎರಡೆರಡು ಪದರ ಗಾಜಿನ ಕಿಟಕಿಗಳು ಅವಳನ್ನು ನೋಡುತ್ತ ಸುಮ್ಮನಿದ್ದವು.

ಬಲಗಡೆಯ ಮನೆಯಲ್ಲಿ ಪೆಟ್ರೋ ಇದ್ದ, ಹೆಂಡತಿ ಸತ್ತ ಮೇಲೆ ಒಂಟಿಯಾಗಿರುವ ಮುದುಕ. ಅವನ ಅಪ್ಪನ ಕಾಲದಲ್ಲೇ ಯುಕ್ರೇನಿನಿಂದ ಬಂದು ಈ ಚಳಿಗೆ ಒಗ್ಗಿದ ಮನೆತನ. ದಿನಾ ಕಿಟಕಿಯಲ್ಲಿ ಕಾಫಿ ಹಿಡಿದು ನಿಲ್ಲುತ್ತಿದ್ದ. ಮಗುವನ್ನೆತ್ತಿಕೊಂಡು ಸಲಿಂಗ್ ತನ್ನ ಕಿಟಕಿಗೆ ಬಂದರೆ ಕೈ ಬೀಸುತ್ತಿದ್ದ. ಈಗಲೂ ನಿಂತಿದ್ದ! ಅವಳ ಎದೆ ಹಗುರಾಯಿತು.

"ಅಣ್ಣಾ! ಬನ್ನೀ! ಮಗು ಒಳಗಿದೆ!" ಯಾವ ಭಾಷೆಯಲ್ಲಿ ಕೂಗುತ್ತಿದ್ದೇನೆಂಬ ಪರಿವೆ ಅವಳಿಗಿರಲಿಲ್ಲ. ಕೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಬೆರಳುಗಳಿಂದ ಗಾಳಿಯನ್ನು ತನ್ನತ್ತ ಎಳೆದುಕೊಂಡು ಮತ್ತೆ ಮತ್ತೆ ಕರೆದಳು, ಊರಲ್ಲಿ ಎಲ್ಲರೂ ಕರೆಯುವ ಹಾಗೆ.

ಪೆಟ್ರೋನ ಮುಖ ಅರಳಿತು. ಕಾಫಿ ಲೋಟವನ್ನು ಎಡಗೈಗೆ ದಾಟಿಸಿ, ಬಲಗೈ ಎತ್ತಿ ಅವನೂ ಬೀಸಿದ. ಅವಳು ಇನ್ನೂ ಜೋರಾಗಿ ಕರೆದಳು. ಅವನು ಇನ್ನೂ ಜೋರಾಗಿ ಬೀಸಿದ. ಆಮೇಲೆ ಬೆನ್ನು ತಿರುಗಿಸಿ ಒಳಗೆ ಹೋದ.

ಬಾಗಿಲಿಗೆ ಬರುತ್ತಿದ್ದಾನೆಂದು ಅವಳು ಕಾದಳು. ಬಾಗಿಲು ತೆರೆಯಲಿಲ್ಲ. ಕೊನೆಗೆ ಮರ್ಯಾದೆ ಬಿಟ್ಟು ಅವನ ಮೆಟ್ಟಿಲು ಹತ್ತಿಬಿಡೋಣವೆಂದು ಓಡಿದಳು. ಎರಡನೆಯ ಮೆಟ್ಟಿಲ ಮೇಲೆ ಗಾಜಿನಂತೆ ಕಟ್ಟಿದ್ದ ನೀರುಗಡ್ಡೆಗೆ ಕಾಲು ಜಾರಿ ಬಿದ್ದಳು. ಮೊಣಕೈ ಕಲ್ಲಿಗೆ ಬಡಿಯಿತು. ಒಂದು ಚಪ್ಪಲಿ ಎಲ್ಲಿ ಹೋಯಿತೋ ಕಾಣಲಿಲ್ಲ. ಮುಖಕ್ಕೆ ಬಂದ ಕೂದಲನ್ನು ಸರಿಸಲು ಹೋದರೆ ಅದು ಕೂದಲಾಗಿರಲಿಲ್ಲ, ಕಡ್ಡಿಗಳ ಕಟ್ಟಾಗಿತ್ತು. ಕಟಕಟ ಅಂದಿತು.

ಬಿದ್ದಲ್ಲಿಂದ ಅವಳ ಕಣ್ಣಿಗೆ ಕಂಡದ್ದು ತಮ್ಮ ಮನೆಯ ಚಿಮಣಿ. ಅದರ ಹೊಗೆ ಮೊದಲಿಗಿಂತ ದಟ್ಟವಾಗಿದೆ ಅನ್ನಿಸಿತು. ಹಾಗೇನೂ ಇರಲಿಲ್ಲವೇನೋ. ಆದರೆ ಮುಚ್ಚಳದ ಕುಣಿತ, ತಳ ಹಿಡಿಯುತ್ತಿರುವ ಗಂಜಿ, ಒಲೆಯ ಪಕ್ಕದಲ್ಲೇ ಒಣಗಲು ನೇತು ಹಾಕಿದ ಕೈವಸ್ತ್ರ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಒಂದು ಕಾಲಿನ ಚಪ್ಪಲಿಯಲ್ಲೇ ಅವಳು ಹಿತ್ತಿಲಿಗೆ ವಾಪಸು ಓಡಿದಳು.

ಗಾಜಿಗೆ ಕಿವಿಯಿಟ್ಟಾಗ ಅಳು ಕೇಳಿತು. ತೀರ ಸಣ್ಣಗೆ, ಬಾವಿಯೊಳಗಿನಿಂದ ಬಂದ ಹಾಗೆ. ಅಡುಗೆಮನೆಯಲ್ಲಿ ನೀಲಿ ಹೊಗೆ ಪದರಗಟ್ಟಿತ್ತು.

ಮೆಟ್ಟಿಲ ಪಕ್ಕ ಹಿಮ ಎಳೆಯುವ ಸಲಿಕೆ ಇತ್ತು. ಬೆರಳು ಮಡಚಲು ಬರುತ್ತಿರಲಿಲ್ಲ. ಅದನ್ನು ಎರಡೂ ಮುಂಗೈಗಳ ನಡುವೆ ಒತ್ತಿ ಹಿಡಿದು ಅವಳು ಗಾಜಿಗೆ ಗುದ್ದಿದಳು. ಮೊದಲ ಏಟಿಗೆ ಏನೂ ಆಗಲಿಲ್ಲ. "ತಪ್ಪಾಯ್ತು ಮಗಳೇ, ತಪ್ಪಾಯ್ತು," ಎನ್ನುತ್ತ ಮತ್ತೆ ಗುದ್ದಿದಳು. ಯಾರ ಮನೆಯದೇ ಆಗಲಿ, ಒಂದು ಲೋಟವನ್ನೂ ಅವಳು ಒಡೆದವಳಲ್ಲ.

ಒಳಗೆ ಕೈ ಹಾಕಿ ಹಿಡಿ ತಿರುಗಿಸಿದಾಗ ಅದು ಸಲೀಸಾಗಿ ತಿರುಗಿತು.

ಒಲೆ ಆರಿಸಿದಳು. ಪಾತ್ರೆಯ ತಳ ಕರಿಯಾಗಿ ಹೋಗಿತ್ತು. ಕೋಣೆಗೆ ಓಡಿದರೆ ಯಾನ್‌ಯಾನ್ ತೊಟ್ಟಿಲ ಕಂಬಿ ಹಿಡಿದು ಎದ್ದು ನಿಂತಿದ್ದ, ಮೂಗು ಬಾಯಿ ಎಲ್ಲ ಒಂದಾಗಿ, ಅತ್ತು ಅತ್ತು ಕೆಂಪಾಗಿ. ಅವಳನ್ನು ಕಂಡು ಎರಡೂ ಕೈ ಚಾಚಿದ. ಅವಳು ಬಗ್ಗಿ ಎತ್ತಿಕೊಂಡಳು. ಅವಳ ಕೈ ಮೈಗೆ ತಾಗಿದ್ದೇ ಮಗು ಚಿಟ್ಟನೆ ಚೀರಿ ಬಿಲ್ಲಿನಂತೆ ಬೆನ್ನು ಬಾಗಿಸಿತು. ಅವಳ ಕೆನ್ನೆ ತಾಗಿದರೂ ಚೀರಿತು. ಸಲಿಂಗ್ ಗಾಬರಿಯಿಂದ ಅದನ್ನು ಮತ್ತೆ ಕೆಳಗೆ ಬಿಟ್ಟಳು. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು, ಉಜ್ಜಿದಳು, ಊದಿದಳು. ಅವು ಅವಳ ಕೈಗಳೇ ಅಲ್ಲ ಅನ್ನುವ ಹಾಗಿದ್ದವು. ಮಗು ಮತ್ತೆ ಕೈ ಚಾಚಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಇರು ಕಂದ, ಇರು ನನ್ನಪ್ಪ. ಅಜ್ಜಿ ಇಲ್ಲೇ ಇದೀನಿ," ಎನ್ನುತ್ತ ತೊಟ್ಟಿಲ ಮುಂದೆ ನಿಂತೇ ಇದ್ದಳು, ಮುಟ್ಟಲಾರದೆ.

ಜೊವೆಲಿನ್‌ಗೆ ಫೋನು ಮಾಡುವುದಕ್ಕೂ ಹೊತ್ತು ಹಿಡಿಯಿತು. ಫೋನಿನ ಗಾಜು ಅವಳ ಬೆರಳನ್ನು ಗುರುತಿಸಲಿಲ್ಲ, ಒತ್ತಿದರೂ ಸತ್ತಂತಿತ್ತು. ಕೊನೆಗೆ ಮೂಗಿನ ತುದಿಯಿಂದ ಒತ್ತಿದಳು.

ಸಮವಸ್ತ್ರದ ಮೇಲೆ ಕೋಟು ಎಳೆದುಕೊಂಡು ಜೊವೆಲಿನ್ ಓಡಿ ಬಂದಳು. ಅಷ್ಟರಲ್ಲಿ ಒಡೆದ ಗಾಜಿನಿಂದ ನುಗ್ಗಿದ ಚಳಿ ಅಡುಗೆಮನೆಯನ್ನೆಲ್ಲ ಹಿಡಿದಿತ್ತು, ಪಾತ್ರೆ ತೊಳೆಯುವ ನೀರಿನ ಮೇಲೆ ಮಂಜಿನ ಕೆನೆ ಕಟ್ಟಿತ್ತು. ಸಲಿಂಗ್ ಕೋಣೆಯ ಬಾಗಿಲು ಹಾಕಿಕೊಂಡು, ರಜಾಯಿಯಲ್ಲಿ ಸುತ್ತಿದ ಮಗುವನ್ನು ತೋಳಿನಿಂದಷ್ಟೇ ಬಳಸಿ ಹಿಡಿದು ಕೂತಿದ್ದಳು. ಮಗುವನ್ನು ತಡವಿ ನೋಡಿ, ಆಮೇಲೆ ತಾಯಿಯ ಕೈ ತೆಗೆದುಕೊಂಡ ಜೊವೆಲಿನ್ ತುಟಿ ಕಚ್ಚಿದಳು. ಬೆರಳ ತುದಿಗಳು ಮೇಣದ ಹಾಗೆ ಬಿಳುಪಾಗಿದ್ದವು. ಮುಂಗೈಯಲ್ಲಿ ಗಾಜು ಗೀರಿದ ಗಾಯ.

"ಪಕ್ಕದ ಮನೆ ಬೆಲ್ ಒತ್ತಬಾರದಿತ್ತೇನಮ್ಮ?"

"ಕರೆದೆ."

"ಹೇಗೆ ಕರೆದೆ?"

"ಕರೆದೆ ಕಣೇ. ದಾರೀಲಿ ನಿಂತು."

ಜೊವೆಲಿನ್ ಎದ್ದು ಹೋದಳು. ಬಟ್ಟಲಲ್ಲಿ ಬೆಚ್ಚಗಿನ ನೀರು ತಂದು ತಾಯಿಯ ಕೈಗಳನ್ನು ಅದರಲ್ಲಿಟ್ಟು, ತಾನು ದಿನಾ ಆಶ್ರಮದಲ್ಲಿ ಮುದುಕಿಯರ ಜೊತೆ ಮಾತಾಡುವ ದನಿಯಲ್ಲಿ ಹೇಳಿದಳು: "ಉರಿಯತ್ತೆ. ಸ್ವಲ್ಪ ತಡ್ಕೋಬೇಕು, ಆಯ್ತಾ? ಜಾಣೆ."

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಸಲಿಂಗ್‌ಗೆ.

ಬ್ರೆಡ್ಡಿನ ವ್ಯಾನು ಓಡಿಸುವ ಆರ್ನೆಲ್ ಸಂಜೆಗೆ ಮುಂಚೆಯೇ ಬಂದು ಪ್ಲೈವುಡ್ ಹಲಗೆ ಕತ್ತರಿಸಿ ಬಾಗಿಲಿಗೆ ಹೊಡೆಯತೊಡಗಿದ. ಸುತ್ತಿಗೆಯ ಸದ್ದಿಗೆ ಪೆಟ್ರೋ ತನ್ನ ಮೊಳೆಡಬ್ಬಿ ಹಿಡಿದು ಬಂದ. ವಿಷಯ ಕೇಳಿ ಅಡುಗೆಮನೆಯ ನಡುವೆ ನಿಂತುಬಿಟ್ಟ.

"ಆದರೆ ಬೆಳಿಗ್ಗೆ ನನಗೆ ಕೈ ಬೀಸಿದರಲ್ಲ ಇವರು! ನಾನೂ ಬೀಸಿದೆ. ಅಬ್ಬಾ, ಈ ಚಳಿಯಲ್ಲಿ ಚಪ್ಪಲಿ ಹಾಕ್ಕೊಂಡು ನಿಂತಿದ್ದಾರೆ, ಗಟ್ಟಿ ಹೆಂಗಸು ಅಂದ್ಕೊಂಡೆ." ಅವನ ದೊಡ್ಡ ಕೆಂಪು ಮುಖ ಕುಗ್ಗಿಹೋಯಿತು. "ನನ್ನ ಬಾಗಿಲಿಗೆ ಯಾವತ್ತೂ ಬೀಗ ಹಾಕಲ್ಲ ನಾನು. ತಳ್ಳಿದ್ರೆ ಸಾಕಿತ್ತು. ತಳ್ಳಬೇಕಿತ್ತಮ್ಮ."

ಜೊವೆಲಿನ್ ಅದನ್ನು ತಾಯಿಗೆ ತಿಳಿಸಿ ಹೇಳಿದಳು. ಸಲಿಂಗ್ ತಲೆಯಾಡಿಸಿದಳು. ಬಟ್ಟೆ ಸುತ್ತಿದ ಕೈಗಳು ಮಡಿಲಲ್ಲಿದ್ದವು, ಒಳಗೆ ಕೆಂಡ ತುಂಬಿದ ಹಾಗೆ ಉರಿಯುತ್ತಿದ್ದವು.

"ಮೂರು ಸೂರ್ಯ ಇದ್ದವು," ಎಂದಳು ಮೆಲ್ಲಗೆ.

"ಅಯ್ಯೋ ಅತ್ತೆ," ಎಂದ ಆರ್ನೆಲ್, ಬಾಯಲ್ಲಿದ್ದ ಮೊಳೆ ತೆಗೆದು. "ಮೂರು ಸೂರ್ಯ ಕಂಡ ದಿನಾನೇ ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಚಳಿ. ಗಾಳೀಲಿರೋ ಮಂಜಿನ ಹರಳು ಹಾಗೆ ತೋರಿಸತ್ತೆ. ಅವತ್ತು ಮೂಗೂ ಹೊರಗೆ ಹಾಕಬಾರದು. ನಾನು ಹೇಳ್ಬೇಕಿತ್ತು ನಿಮಗೆ." ಕೊನೆಯ ಮೊಳೆ ಹೊಡೆದು ಹೊರಗೆ ಹೋದವನು ದಿಂಬು ಹಿಡಿದು ಬಂದ. "ಇದೇನಿದು ಕಂಬಿಗೆ ಸಿಕ್ಕಿಸಿತ್ತು?" ಮೇಜಿನ ಮೇಲೆ ಇಟ್ಟಾಗ ಅದು ಹಲಗೆಯಂತೆ ಟಕ್ ಎಂದಿತು.

ಯಾರೂ ನೋಡದಾಗ ಸಲಿಂಗ್ ಬಗ್ಗಿ ಅದಕ್ಕೆ ಮೂಗು ತಾಗಿಸಿದಳು. ಯಾವ ವಾಸನೆಯೂ ಇರಲಿಲ್ಲ. ಸೋಪಿನದಿಲ್ಲ, ಹಾಲಿನದಿಲ್ಲ, ಮಗುವಿನ ತಲೆಯದೂ ಇಲ್ಲ.

ನಡುಮನೆಯಲ್ಲಿ ಜೊವೆಲಿನ್ ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು, ದನಿ ತಗ್ಗಿಸಿ. ಅಷ್ಟು ತಗ್ಗಿಸುವುದು ಬೇಕಿರಲಿಲ್ಲ. ಸಲಿಂಗ್‌ಗೆ ತಿಳಿಯುತ್ತಿದ್ದುದೇ ಒಂದೆರಡು ಮಾತು. ತಿಳಿದ ಮಾತು "ಸೋಮವಾರ" ಅನ್ನುವುದು, ಮತ್ತೆ ಎರಡು ಸಲ "ಥ್ಯಾಂಕ್ಯೂ".

ಫೋನಿಟ್ಟು ಬಂದ ಮಗಳು ತಾಯಿಯ ಕಾಲ ಬಳಿ ಕೂತಳು. "ನೀನು ತಪ್ಪು ಮಾಡಿದೆ ಅಂತಲ್ಲಮ್ಮ. ಚಳಿಗಾಲ ಮುಗಿಯೋವರೆಗೆ ಅಷ್ಟೆ."

"ಯಾವಾಗ ಮುಗಿಯತ್ತೆ?"

ಜೊವೆಲಿನ್ ಕಿಟಕಿಯಾಚೆ ನೋಡಿದಳು. "ಮುಗಿಯತ್ತೆ," ಎಂದಳು.

ಸೋಮವಾರ ಬೆಳಿಗ್ಗೆ ಯಾನ್‌ಯಾನ್‌ನನ್ನು ತಯಾರು ಮಾಡುವುದಕ್ಕೆ ಇಬ್ಬರೂ ಬೇಕಾದರು. ಅಂಗಿಯ ಮೇಲೆ ಅಂಗಿ, ಅದರ ಮೇಲೆ ಹಿಮದ ದಿರಿಸು, ಟೋಪಿ, ಹೆಬ್ಬೆರಳೊಂದೇ ಬಿಡಿಯಾಗಿರುವ ದಪ್ಪ ಕೈಗವಸು. ಕೊನೆಗೆ ಕಣ್ಣೆರಡೇ ಉಳಿದವು. ಸಲಿಂಗ್‌ಳ ಬೆರಳ ತುದಿಯ ಚರ್ಮ ಸುಲಿಯುತ್ತಿತ್ತು, ಗುಂಡಿ ಹಾಕಲು ಬರುತ್ತಿರಲಿಲ್ಲ, ಮಗುವಿನ ಕಾಲು ಹಿಡಿದುಕೊಂಡು ಕೂತಿದ್ದಳು. ಹೊರಡುವ ಮುಂಚೆ ಜೊವೆಲಿನ್ ಕೆಂಪು ದಾರಕ್ಕೆ ಪೋಣಿಸಿದ ಕೀಲಿಕೈಯನ್ನು ತಾಯಿಯ ಕೊರಳಿಗೆ ಹಾಕಿದಳು. ಅದು ಅವಳ ಜಪಮಾಲೆಯ ಶಿಲುಬೆಯ ಪಕ್ಕ ಹೋಗಿ ಕೂತಿತು, ತಣ್ಣಗೆ.

"ಸ್ನಾನಕ್ಕೆ ಹೋದ್ರೂ ತೆಗೀಬೇಡ. ಅಜ್ಜಿಗೆ ಟಾಟಾ ಮಾಡು ಪುಟ್ಟಾ."

ಮಗು ದಪ್ಪ ಕೈಯನ್ನೆತ್ತಿ ಅಂಗೈ ಕೆಳಗೆ ಮಾಡಿ ಆಡಿಸಿತು. ಟಾಟಾ ಮಾಡಿತೋ, ಬಾ ಎಂದಿತೋ. ಮುಂಬಾಗಿಲು ಮುಚ್ಚಿತು, ಕೀಲಿ ಎರಡು ಸಲ ತಿರುಗಿತು.

ಸಲಿಂಗ್ ತೊಟ್ಟಿಲ ಹಾಸಿಗೆ ಸರಿಮಾಡಿದಳು. ಮಾಡಲು ಬೇರೇನೂ ಇರಲಿಲ್ಲ. ದಿಂಬೆತ್ತಿಕೊಂಡು ಅಡುಗೆಮನೆಗೆ ಬಂದಳು. ಬಾಗಿಲ ಗಾಜಿದ್ದ ಜಾಗದಲ್ಲಿ ಈಗ ಹಲಗೆ, ಆ ಮೂಲೆಯೆಲ್ಲ ಕತ್ತಲು. ಪಾತ್ರೆ ತೊಳೆಯುವಲ್ಲಿನ ಕಿಟಕಿಯಿಂದ ಮಾತ್ರ ಒಂದು ತುಂಡು ಬಿಸಿಲು ಬಂದು ನೆಲದ ಮೇಲೆ ಬಿದ್ದಿತ್ತು, ಒಂದು ಮಗು ಮಲಗುವಷ್ಟಗಲ. ಅವಳು ದಿಂಬನ್ನು ಅದರ ನಡುವೆ ಇಟ್ಟು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಬಿಸಿಲು ಸರಿಯಿತು. ಅವಳೂ ದಿಂಬನ್ನು ಸರಿಸಿದಳು. ಮೇಜಿನ ಕಾಲನ್ನು ಬಳಸಿ, ಫ್ರಿಜ್ಜಿನ ಮುಂದಿನಿಂದ ಹಾದು, ಮಧ್ಯಾಹ್ನದ ಊಟ ಮರೆತು, ಅವಳು ಅದರ ಹಿಂದೆಯೇ ಹೋದಳು. ಸಂಜೆಯ ಹೊತ್ತಿಗೆ ಬಿಸಿಲು ನೆಲ ಬಿಟ್ಟು ಎದುರು ಗೋಡೆ ಹತ್ತತೊಡಗಿತು. ಸಲಿಂಗ್ ಎದ್ದು ನಿಂತು, ದಿಂಬನ್ನೆತ್ತಿ ಗೋಡೆಗೆ ಒತ್ತಿ ಹಿಡಿದುಕೊಂಡಳು.